ಏರ್ ಕಂಪ್ರೆಸರ್ ಡಿಸೈನ್‌ಗೆ ಸಿಎಫ್‌ಡಿ: ಒಂದು ಇಂಪೆಲ್ಲರ್ ಹಿಡಿದುಕೊಂಡು ಕಲಿಯೋಣ

ಸಿಎಫ್‌ಡಿ ಅಂದರೆ ಗಾಳಿ, ನೀರಿನ ಹರಿವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ವಿಧಾನ. ನೀವು ಕಂಪ್ಯೂಟರ್‌ನಲ್ಲಿ ಬರೆದುಕೊಟ್ಟ ಮೆಷಿನ್ ಬಗ್ಗೆ ಅದು ಉತ್ತರ ಹೇಳುತ್ತದೆ. ಟೆಸ್ಟ್ ಬೆಡ್ ಮೇಲೆ ನಿಜವಾಗಿ ತಿರುಗುವ ಮೆಷಿನ್ ಅದಕ್ಕೆ ಗೊತ್ತೇ ಇಲ್ಲ. ಬ್ಲೇಡ್ ತುದಿಗೂ ಕೇಸಿಂಗ್‌ಗೂ ನಡುವೆ 0.3 ಮಿ.ಮೀ. ಸಂದು ಇದೆ ಅಂತ ನೀವು ಹೇಳದಿದ್ದರೆ ಆ ಸಂದು ಅದರ ಪಾಲಿಗೆ ಇಲ್ಲ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರು, ಹುಡುಗಿಯರಿಗೆ ನಾನು ಮೊದಲ ದಿನವೇ ಹೇಳುವ ಮಾತು ಇದು. ಸಾಫ್ಟ್‌ವೇರ್‌ನ ಯಾವ ಬಟನ್ ಒತ್ತಬೇಕು ಅನ್ನೋದನ್ನ ಯಾರಾದರೂ ಒಂದು ವಾರದಲ್ಲಿ ಕಲಿಯಬಹುದು. ಏನು ಬರೆದುಕೊಡಬೇಕು, ಬಂದ ಉತ್ತರವನ್ನು ಎಷ್ಟು ನಂಬಬೇಕು ಅನ್ನೋದು ಕಲಿಯಲು ಟೈಮ್ ಬೇಕು.

ನಾನು ಬೆಂಗಳೂರಿನಲ್ಲಿ ಸೆಂಟ್ರಿಫ್ಯೂಗಲ್ ಬ್ಲೋವರ್, ಕಂಪ್ರೆಸರ್‌ಗಳ ಡಿಸೈನ್ ಮಾಡುತ್ತೇನೆ. ಅದಕ್ಕೇ ಇಲ್ಲಿ ಉದಾಹರಣೆ ಸೆಂಟ್ರಿಫ್ಯೂಗಲ್ ಇಂಪೆಲ್ಲರ್, ಅಂದರೆ ತಿರುಗುತ್ತಾ ಗಾಳಿಯನ್ನು ಹೊರಕ್ಕೆ ತಳ್ಳುವ ಬ್ಲೇಡ್ ಚಕ್ರ. ಸ್ಕ್ರೂ ಮತ್ತು ಪಿಸ್ಟನ್ ಕಂಪ್ರೆಸರ್‌ಗಳ ಬಗ್ಗೆ ಕೊನೆಯ ಕಡೆ ಸ್ವಲ್ಪ ಹೇಳುತ್ತೇನೆ.

ಮೊದಲು ಪ್ರಶ್ನೆ ಬರೆಯಿರಿ

"ಈ ಇಂಪೆಲ್ಲರ್‌ಗೆ ಸಿಎಫ್‌ಡಿ ಮಾಡಿ" ಅಂತ ಯಾರಾದರೂ ಕೇಳಿದರೆ ನಾನು ಕೆಲಸ ಶುರು ಮಾಡುವುದಿಲ್ಲ. ಯಾಕೆ ಬೇಕು ಅಂತ ಕೇಳುತ್ತೇನೆ. "ಕ್ಲಿಯರೆನ್ಸ್ (ಬ್ಲೇಡ್ ತುದಿಯ ಸಂದು) 0.3ರಿಂದ 0.5ಕ್ಕೆ ಹೋದರೆ ಎಷ್ಟು ಎಫಿಶಿಯೆನ್ಸಿ ಕಳೆದುಕೊಳ್ಳುತ್ತೇವೆ?" ಇದು ಪ್ರಶ್ನೆ. "ಸ್ಪ್ಲಿಟರ್ ಬ್ಲೇಡನ್ನು (ಮುಖ್ಯ ಬ್ಲೇಡ್‌ಗಳ ನಡುವಿನ ಗಿಡ್ಡ ಬ್ಲೇಡ್) 10 ಮಿ.ಮೀ. ಹಿಂದೆ ಸರಿಸಿದರೆ ಚೋಕ್ ಹರಿವು (ಮೆಷಿನ್‌ನಲ್ಲಿ ಹೋಗಬಹುದಾದ ಗರಿಷ್ಠ ಗಾಳಿ) ಜಾಸ್ತಿ ಆಗುತ್ತದಾ?" ಇದೂ ಪ್ರಶ್ನೆ. "ಫ್ಲೋ ಹೇಗಿದೆ ನೋಡೋಣ" ಅನ್ನೋದು ಪ್ರಶ್ನೆ ಅಲ್ಲ. ಅದರಿಂದ ಬಣ್ಣದ ಚಿತ್ರ ಸಿಗುತ್ತದೆ, ಡ್ರಾಯಿಂಗ್‌ನಲ್ಲಿ ಏನೂ ಬದಲಾಗುವುದಿಲ್ಲ.

ಪ್ರಶ್ನೆಯ ಮೇಲೆ ಎಲ್ಲವೂ ನಿಂತಿದೆ. ಎರಡು ಡಿಸೈನ್‌ಗಳ ನಡುವಿನ ವ್ಯತ್ಯಾಸ ಸಾಕು ಅಂದರೆ ಸಣ್ಣ ಮಾಡೆಲ್ ನಡೆಯುತ್ತದೆ. ಗಿರಾಕಿಗೆ ಗ್ಯಾರಂಟಿ ಕೊಡುವ ನಂಬರ್ ಬೇಕು ಅಂದರೆ ಇನ್‌ಲೆಟ್ ಪೈಪ್‌ನಿಂದ ವೋಲ್ಯೂಟ್‌ವರೆಗೆ (ಗಾಳಿ ಹೊರಹೋಗುವ ಬಸವನಹುಳು ಆಕಾರದ ಕೇಸಿಂಗ್) ಎಲ್ಲ ಬೇಕು, ಅದರ ಜೊತೆ ಹಳೆಯ ಮೆಷಿನ್‌ನ ಟೆಸ್ಟ್ ಡೇಟಾನೂ ಬೇಕು.

ಕೈಲೆಕ್ಕ

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಹಾಳೆ, ಒಂದು ಕ್ಯಾಲ್ಕುಲೇಟರ್. ಈ ಹಂತವನ್ನು ಹಾರಿಸಿದವರಿಗೆ ಸಿಎಫ್‌ಡಿ ಕೊಟ್ಟ ಉತ್ತರ ಸರಿಯೋ ತಪ್ಪೋ ಗೊತ್ತಾಗುವ ದಾರಿಯೇ ಇರುವುದಿಲ್ಲ.

ಒಂದು ಉದಾಹರಣೆ ತಗೊಳ್ಳೋಣ. ಸೆಕೆಂಡಿಗೆ 1 ಕೆಜಿ ಗಾಳಿ, ಪ್ರೆಶರ್ ರೇಷಿಯೋ 2.5, ಅಂದರೆ ಹೊರಬರುವ ಒತ್ತಡ ಒಳಹೋಗುವ ಒತ್ತಡದ ಎರಡೂವರೆ ಪಟ್ಟು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಸುಮಾರು 0.91 ಬಾರ್. ಉಷ್ಣತೆ 30 ಡಿಗ್ರಿ, ಅಂದರೆ 303 ಕೆಲ್ವಿನ್ ಅಂತ ಇಟ್ಟುಕೊಳ್ಳೋಣ. ಆಗ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.046 ಕೆಜಿ.

ಗಾಳಿಗೆ ಈ ಲೆಕ್ಕದಲ್ಲಿ ಬರುವ ಘಾತ 0.2857. 2.5ರ 0.2857ನೇ ಘಾತ 1.299. ಅದರಲ್ಲಿ 1 ಕಳೆದು, ಗಾಳಿಯ ವಿಶಿಷ್ಟೋಷ್ಣ 1005ರಿಂದಲೂ ಉಷ್ಣತೆ 303ರಿಂದಲೂ ಗುಣಿಸಿ. ಕೆಜಿಗೆ ಸುಮಾರು 91 ಕಿಲೋಜೂಲ್ ಬರುತ್ತದೆ. ಒಂದಿಷ್ಟೂ ನಷ್ಟವಿಲ್ಲದ ಮೆಷಿನ್‌ಗೆ ಬೇಕಾದ ಕೆಲಸ ಇಷ್ಟು. ಎಫಿಶಿಯೆನ್ಸಿ 81 ಪರ್ಸೆಂಟ್ ಅಂದುಕೊಂಡರೆ ನಿಜವಾಗಿ ಬೇಕಾದದ್ದು 112 ಕಿಲೋಜೂಲ್. ಸೆಕೆಂಡಿಗೆ ಒಂದು ಕೆಜಿ ಅಲ್ವಾ, ಹಾಗಾಗಿ ಪವರ್ 112 ಕಿಲೋವ್ಯಾಟ್. ಗಾಳಿ 112 ಡಿಗ್ರಿ ಬಿಸಿಯಾಗಿ 142 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊರಗೆ ಬರುತ್ತದೆ.

ಇಂಪೆಲ್ಲರ್ ವ್ಯಾಸ 200 ಮಿ.ಮೀ., ವೇಗ 39,000 ಆರ್‌ಪಿಎಂ ಅಂತ ಆರಿಸಿದೆ. ತುದಿಯ ವೇಗ ಸೆಕೆಂಡಿಗೆ 408 ಮೀಟರ್. 8 ಮುಖ್ಯ ಬ್ಲೇಡ್, 8 ಸ್ಪ್ಲಿಟರ್. ಹೊರಬಾಯಿಯಲ್ಲಿ ಬ್ಲೇಡ್ ಹಿಂದಕ್ಕೆ 35 ಡಿಗ್ರಿ ಬಾಗಿದೆ. ಗಾಳಿ ಪೂರ್ತಿಯಾಗಿ ಬ್ಲೇಡ್ ಹೇಳಿದ ದಿಕ್ಕಿಗೆ ಹೋಗದೆ ಸ್ವಲ್ಪ ಜಾರುತ್ತದೆ; ವೀಸ್ನರ್ ಸೂತ್ರ ಹಾಕಿದರೆ ಅದನ್ನು ತೋರಿಸುವ ಸ್ಲಿಪ್ ಫ್ಯಾಕ್ಟರ್ 0.87. ಇದರಿಂದ ಹೊರಬಾಯಿಯಲ್ಲಿ ಗಾಳಿಯ ಸುತ್ತುವೇಗ ಸುಮಾರು 275 ಮೀಟರ್. ಅದನ್ನು 408ರಿಂದ ಗುಣಿಸಿದರೆ ಮತ್ತೆ ಅದೇ 112 ಕಿಲೋಜೂಲ್. ಲೆಕ್ಕ ಕೂಡಿತು. ವೇಗ, ಹರಿವು, ಕೆಲಸ ಮೂರನ್ನೂ ಸೇರಿಸಿ ತೆಗೆಯುವ ಸ್ಪೆಸಿಫಿಕ್ ಸ್ಪೀಡ್ 0.76 ಬರುತ್ತದೆ. ಸೆಂಟ್ರಿಫ್ಯೂಗಲ್‌ಗೆ 0.7ರ ಆಸುಪಾಸು ಒಳ್ಳೆಯ ಜಾಗ.

ಒಳಬಾಯಿ ನೋಡಿ. ಶ್ರೌಡ್ (ಹೊರಗಿನ ಗೋಡೆ) ಕಡೆ ವ್ಯಾಸ 112 ಮಿ.ಮೀ., ಹಬ್ (ಚಕ್ರದ ನಡುಭಾಗ) ಕಡೆ 50. ಗಾಳಿ 130 ಮೀಟರ್ ವೇಗದಲ್ಲಿ ನೇರವಾಗಿ ಬರುತ್ತದೆ, ಬ್ಲೇಡ್ ತುದಿ 229 ಮೀಟರ್ ವೇಗದಲ್ಲಿ ಅಡ್ಡ ಹೋಗುತ್ತಿದೆ. ಬ್ಲೇಡ್ ಮೇಲೆ ಕೂತು ನೋಡಿದರೆ ಗಾಳಿ 263 ಮೀಟರ್ ವೇಗದಲ್ಲಿ, 60 ಡಿಗ್ರಿ ಓರೆಯಾಗಿ ಬಡಿಯುತ್ತದೆ. ಮಾಕ್ ಸಂಖ್ಯೆ 0.77. ಹೊರಗೆ ಹೋಗುವಾಗ ಈ ಸಾಪೇಕ್ಷ ವೇಗ 175ಕ್ಕೆ ಇಳಿದಿರುತ್ತದೆ. ಅಂದರೆ ಇಂಪೆಲ್ಲರ್ ಒಳಗೆ ಗಾಳಿ ಒತ್ತಡದ ಏರನ್ನು ಹತ್ತುತ್ತಿದೆ, ತುಂಬಿದ ಲಾರಿ ಘಾಟಿ ಹತ್ತಿದ ಹಾಗೆ. ಗೋಡೆಯ ಹತ್ತಿರ ಇರುವ ನಿಧಾನದ ಗಾಳಿಗೆ ಹತ್ತುವ ಶಕ್ತಿ ಸಾಲದೆ ನಿಂತುಬಿಡುತ್ತದೆ. ಕಂಪ್ರೆಸರ್ ಸಿಎಫ್‌ಡಿ ಟರ್ಬೈನ್ ಸಿಎಫ್‌ಡಿಗಿಂತ ಕಷ್ಟ ಅನ್ನೋದು ಇದೇ ಕಾರಣಕ್ಕೆ.

ಹೊರಬಾಯಿಯ ಅಗಲ ಲೆಕ್ಕ ಹಾಕಿದರೆ 9.6 ಮಿ.ಮೀ. ಬರುತ್ತದೆ. ಈ ನಂಬರ್ ನೆನಪಿಡಿ.

ಇಷ್ಟನ್ನು ಬರೆದು ಗೋಡೆಗೆ ಅಂಟಿಸಿ. ಸಿಎಫ್‌ಡಿ ಪವರ್ 140 ಕಿಲೋವ್ಯಾಟ್ ತೋರಿಸಿದರೆ ಅಥವಾ ಗಾಳಿ 100 ಡಿಗ್ರಿಯಲ್ಲಿ ಹೊರಬಂದರೆ, ಚಿತ್ರ ಎಷ್ಟೇ ಚಂದ ಇರಲಿ, ಎಲ್ಲೋ ಏನೋ ತಪ್ಪಿದೆ ಅಂತ ಆ ಕಾಗದ ಹೇಳುತ್ತದೆ.

ಜ್ಯಾಮಿತಿ: ಇಲ್ಲೇ ಹೆಚ್ಚು ಹೊತ್ತು ಕಳೆಯಿರಿ

ನಮ್ಮ ಕ್ಯಾಡ್ ಫೈಲ್‌ನಲ್ಲಿ ಬ್ಲೇಡ್ ಹಬ್‌ಗೆ ಕೂಡುವ ಮೂಲೆ ಚೂಪಾಗಿರುತ್ತದೆ. ಪೀಣ್ಯದಲ್ಲಿ ಫೈವ್-ಆಕ್ಸಿಸ್ ಮೆಷಿನ್ ನಡೆಸುವವರೊಬ್ಬರು ಡ್ರಾಯಿಂಗ್ ನೋಡಿ, "ಮೇಡಂ, ಈ ಮೂಲೆಗೆ ಟೂಲ್ ಹೋಗಲ್ಲ. 2 ಮಿ.ಮೀ. ರೇಡಿಯಸ್ ಬಿಟ್ಟೇ ಬಿಡ್ತೀನಿ" ಅಂದರು. ಆ ದುಂಡು ಮೂಲೆ, ಅಂದರೆ ಫಿಲೆಟ್, ಎರಡೂ ಕಡೆ ಕೂತರೆ ಸಣ್ಣ ಇಂಪೆಲ್ಲರ್‌ನಲ್ಲಿ ಗಾಳಿ ಹೋಗುವ ಜಾಗ ಕಡಿಮೆಯಾಗುತ್ತದೆ, ಚೋಕ್ ಹರಿವು ಇಳಿಯುತ್ತದೆ. ಹಾಗಾಗಿ ಮೆಶ್ ಮಾಡುವ (ಗಾಳಿಯ ಜಾಗವನ್ನು ಸಣ್ಣ ಸಣ್ಣ ಸೆಲ್‌ಗಳಾಗಿ ಕತ್ತರಿಸುವ) ಮೊದಲು ಮೆಷಿನಿಂಗ್ ಮಾಡುವವರ ಹತ್ತಿರ ಮಾತಾಡಿ. ಫಿಲೆಟ್ ಎಷ್ಟು, ಬ್ಲೇಡ್ ತುದಿಯ ದಪ್ಪ ಎಷ್ಟು, ಮುಂದಂಚು ಎಷ್ಟು ದುಂಡಗೆ ಬರುತ್ತದೆ ಅಂತ ಕೇಳಿ. ಅವರು ಮಾಡಿಕೊಡುವ ಆಕಾರಕ್ಕೇ ಸಿಎಫ್‌ಡಿ ಮಾಡಿ.

ಆಮೇಲೆ ಕ್ಲಿಯರೆನ್ಸ್. ನಿಂತ ಮೆಷಿನ್‌ನಲ್ಲಿ ಫೀಲರ್ ಗೇಜ್ ಹಾಕಿ ಅಳೆದ ಸಂದೇ ಬೇರೆ, 39,000 ಆರ್‌ಪಿಎಂನಲ್ಲಿ ಉಳಿಯುವ ಸಂದೇ ಬೇರೆ. ನಮ್ಮ 200 ಮಿ.ಮೀ. ಅಲ್ಯೂಮಿನಿಯಂ ಚಕ್ರ ತಿರುಗುವ ರಭಸಕ್ಕೆ ತುದಿಯಲ್ಲಿ ಸುಮಾರು 0.1 ಮಿ.ಮೀ. ಹಿಗ್ಗುತ್ತದೆ. 90 ಡಿಗ್ರಿ ಬಿಸಿಯಾದರೆ ಇನ್ನೊಂದು 0.2 ಮಿ.ಮೀ. ಹಿಗ್ಗುತ್ತದೆ. ಶಾಫ್ಟ್ ಉದ್ದವಾಗುತ್ತದೆ, ಥ್ರಸ್ಟ್ ಬೇರಿಂಗ್ ಆಚೀಚೆ ಸರಿಯುತ್ತದೆ, ಕೇಸಿಂಗ್ ಕೂಡ ಬಿಸಿಯಾಗಿ ಹಿಗ್ಗುತ್ತದೆ. ಇವೆಲ್ಲ ಕೂಡಿ ಕಳೆದು ಉಳಿಯುವ ಸಂದು ಎಷ್ಟು ಅಂತ ಸ್ಟ್ರೆಸ್ ಲೆಕ್ಕ ಮಾಡುವವರಿಂದ ತಗೊಳ್ಳಿ. ಸಿಎಫ್‌ಡಿಗೆ ಹಾಕಬೇಕಾದದ್ದು ಆ ಬಿಸಿ ಸಂದನ್ನು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 9.6 ಮಿ.ಮೀ. ಅಗಲದ ಬಾಯಿಗೆ 0.3 ಮಿ.ಮೀ. ಸಂದು ಅಂದರೆ 3 ಪರ್ಸೆಂಟ್. ಈ ಅನುಪಾತ ಒಂದು ಪರ್ಸೆಂಟ್ ಏರಿದರೆ ಎಫಿಶಿಯೆನ್ಸಿ ಕಾಲು ಪಾಯಿಂಟ್‌ನಿಂದ ಅರ್ಧ ಪಾಯಿಂಟ್‌ವರೆಗೆ ಇಳಿಯುತ್ತದೆ. ಸಂದು 0.6 ಆದರೆ ಸುಮಾರು ಒಂದು ಪಾಯಿಂಟ್ ಹೋಯಿತು ಅಂತ ಲೆಕ್ಕ. ನಮ್ಮ 112 ಕಿಲೋವ್ಯಾಟ್ ಮೆಷಿನ್‌ಗೆ ಒಂದು ಪಾಯಿಂಟ್ ಅಂದರೆ ಸುಮಾರು 1.4 ಕಿಲೋವ್ಯಾಟ್. ವರ್ಷಕ್ಕೆ 8,000 ಗಂಟೆ ಓಡಿದರೆ 11,000 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂದುಕೊಂಡರೂ ವರ್ಷಕ್ಕೆ 77,000 ರೂಪಾಯಿ, ಬರೀ 0.3 ಮಿ.ಮೀ. ಹೆಚ್ಚಿನ ಸಂದಿನಲ್ಲಿ.

ಬರೆಯದೇ ಬಿಟ್ಟ ಸಂದು ಏನು ಮಾಡುತ್ತದೆ ಅನ್ನೋದಕ್ಕೆ ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ ನಾಸಾ ರೋಟರ್ 37. ಇದು ಆಕ್ಸಿಯಲ್ ಕಂಪ್ರೆಸರ್ ರೋಟರ್, ಅಂದರೆ ಗಾಳಿ ಶಾಫ್ಟ್‌ನ ದಿಕ್ಕಿನಲ್ಲೇ ಹಾದುಹೋಗುವ ಚಕ್ರ. 36 ಬ್ಲೇಡ್, ತುದಿಯ ವೇಗ 454 ಮೀಟರ್, ಪ್ರೆಶರ್ ರೇಷಿಯೋ 2.1ರ ಸುತ್ತ, ತುದಿಯ ಸಂದು 0.356 ಮಿ.ಮೀ. 1994ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಘ ಎಎಸ್‌ಎಂಇ ಇದನ್ನು ಕಣ್ಣುಕಟ್ಟಿದ ಪರೀಕ್ಷೆಯಾಗಿ ಇಟ್ಟಿತು. ಅಳತೆಯ ಉತ್ತರ ತೋರಿಸದೆ, ಜ್ಯಾಮಿತಿ ಮಾತ್ರ ಕೊಟ್ಟು, ನಿಮ್ಮ ಕೋಡ್ ಏನು ಹೇಳುತ್ತದೆ ನೋಡೋಣ ಅಂದರು. ಉತ್ತರಗಳು ಅಳತೆಗೂ ಹೊಂದಲಿಲ್ಲ, ಒಂದಕ್ಕೊಂದೂ ಹೊಂದಲಿಲ್ಲ. ಹಬ್ ಹತ್ತಿರ ಅಳತೆಯಲ್ಲಿ ಒತ್ತಡ ಕಡಿಮೆ ಇತ್ತು, ಬಹಳಷ್ಟು ಕೋಡ್‌ಗಳಿಗೆ ಅದು ಕಾಣಲೇ ಇಲ್ಲ. ಆಮೇಲೆ ನಡೆದ ಅಧ್ಯಯನಗಳಲ್ಲಿ ಒಂದು ಬಲವಾದ ವಿವರಣೆ ಬಂತು. ರೋಟರ್‌ನ ಮುಂದೆ, ನಿಂತ ಹಬ್ಬಿಗೂ ತಿರುಗುವ ಹಬ್ಬಿಗೂ ನಡುವೆ ಒಂದು ಸಣ್ಣ ಸಂದಿತ್ತು. ಅದರಿಂದ ಒಟ್ಟು ಹರಿವಿನ ಒಂದು ಪರ್ಸೆಂಟ್‌ಗಿಂತಲೂ ಕಡಿಮೆ ಗಾಳಿ ಸೋರಿ ಬಂದರೆ ಸಾಕು, ಹಬ್ ಹತ್ತಿರದ ಇಡೀ ಚಿತ್ರ ಬದಲಾಗುತ್ತದೆ. ಆ ಸಂದು ಯಾರ ಮೆಶ್‌ನಲ್ಲೂ ಇರಲಿಲ್ಲ.

ಮೆಶ್

ಇಡೀ ಚಕ್ರಕ್ಕೆ ಮೆಶ್ ಮಾಡುವ ಅಗತ್ಯ ಇಲ್ಲ. ಒಂದು ಮುಖ್ಯ ಬ್ಲೇಡ್, ಒಂದು ಸ್ಪ್ಲಿಟರ್ ಇರುವ 45 ಡಿಗ್ರಿ ತುಂಡು ಸಾಕು, ಎರಡು ಪಕ್ಕಕ್ಕೆ ಪೀರಿಯಾಡಿಕ್ (ಇದೇ ತುಂಡು ಸುತ್ತಲೂ ಮರುಕಳಿಸುತ್ತದೆ) ಅಂತ ಹೇಳಿದರೆ ಆಯಿತು. ಇನ್‌ಲೆಟ್ಟನ್ನು ಬ್ಲೇಡ್‌ನಿಂದ ಒಂದೂವರೆ, ಎರಡು ವ್ಯಾಸದಷ್ಟು ಮುಂದೆ ಇಡಿ. ಔಟ್‌ಲೆಟ್ಟನ್ನು ಡಿಫ್ಯೂಸರ್‌ನ (ಇಂಪೆಲ್ಲರ್ ಆದ ಮೇಲೆ ಗಾಳಿಯ ವೇಗ ಇಳಿಸಿ ಒತ್ತಡ ಏರಿಸುವ ಭಾಗ) ಕೊನೆವರೆಗೆ ತಳ್ಳಿ, ಇಂಪೆಲ್ಲರ್ ವ್ಯಾಸದ 1.6 ಪಟ್ಟಿನವರೆಗಾದರೂ.

ಗೋಡೆಯ ಹತ್ತಿರದ ಮೊದಲ ಸೆಲ್ ಎಷ್ಟು ತೆಳ್ಳಗಿರಬೇಕು? ಎಸ್‌ಎಸ್‌ಟಿ ಕೆ-ಒಮೆಗಾ ಮಾಡೆಲ್ (ಗಾಳಿಯ ಕಲಕಾಟವನ್ನು ಲೆಕ್ಕಕ್ಕೆ ತರುವ ಒಂದು ಟರ್ಬುಲೆನ್ಸ್ ಮಾಡೆಲ್) ಬಳಸಿ, ಗೋಡೆಯವರೆಗೆ ಸರಿಯಾಗಿ ಲೆಕ್ಕ ಹಾಕಬೇಕು ಅಂದರೆ ಮೊದಲ ಸೆಲ್‌ನ ದಪ್ಪವನ್ನು ಹೇಳುವ ವೈ-ಪ್ಲಸ್ ಅನ್ನೋ ಸಂಖ್ಯೆ 1ರ ಹತ್ತಿರ ಬೇಕು. ನಮ್ಮ ವೇಗ, ಬ್ಲೇಡ್ ಉದ್ದಕ್ಕೆ ಲೆಕ್ಕ ಹಾಕಿದರೆ ಅದು ಸುಮಾರು ಒಂದೂವರೆ ಮೈಕ್ರಾನ್. ಹೌದು, ಮಿಲಿಮೀಟರ್‌ನ ಸಾವಿರದ ಒಂದೂವರೆ ಭಾಗ. ಅಲ್ಲಿಂದ ಒಂದೊಂದು ಸಾಲನ್ನೂ 1.2 ಪಟ್ಟು ದಪ್ಪ ಮಾಡುತ್ತಾ ಹೋಗಿ. ಕ್ಲಿಯರೆನ್ಸ್ ಸಂದಿನಲ್ಲಿ ಬ್ಲೇಡ್ ತುದಿಯಿಂದ ಶ್ರೌಡ್‌ವರೆಗೆ ಕನಿಷ್ಠ 12-15 ಸೆಲ್ ಇರಲಿ. ನಾಲ್ಕೈದು ಸೆಲ್ ಇಟ್ಟರೆ ಸೋರುವ ಗಾಳಿಯ ಸುಳಿ ಬರುತ್ತದೇನೋ ಸರಿ, ಅದರ ನಷ್ಟದ ನಂಬರ್ ಮಾತ್ರ ನಂಬಿಕೆಗೆ ಬಾರದು.

ಆಮೇಲೆ ಮೂರು ಮೆಶ್ ಮಾಡಿ. 4 ಲಕ್ಷ ಸೆಲ್, 9 ಲಕ್ಷ, 20 ಲಕ್ಷ. ಒಂದರಿಂದ ಇನ್ನೊಂದಕ್ಕೆ ಪ್ರತಿ ದಿಕ್ಕಿನಲ್ಲೂ ಸುಮಾರು 1.3 ಪಟ್ಟು ಸಣ್ಣ ಆಗುತ್ತದೆ. ಮೂರರಲ್ಲೂ ಒಂದೇ ಹರಿವಿಗೆ ಎಫಿಶಿಯೆನ್ಸಿ, ಪ್ರೆಶರ್ ರೇಷಿಯೋ ಬರೆದುಕೊಳ್ಳಿ. ಎರಡನೆಯದಕ್ಕೂ ಮೂರನೆಯದಕ್ಕೂ ವ್ಯತ್ಯಾಸ ಕಾಲು ಪಾಯಿಂಟ್ ಇದ್ದರೆ, ಅರ್ಧ ಪಾಯಿಂಟ್‌ನ ಡಿಸೈನ್ ಸುಧಾರಣೆಯ ಬಗ್ಗೆ ಎಚ್ಚರದಿಂದ ಮಾತಾಡಬಹುದು. ವ್ಯತ್ಯಾಸ ಒಂದು ಪಾಯಿಂಟ್ ಇದ್ದರೆ ಆ ಮಾತೇ ಬೇಡ, ಮೆಶ್‌ಗೆ ವಾಪಸ್ ಹೋಗಿ. ಇನ್ನೊಂದು ವಿಷಯ: ಎರಡು ಡಿಸೈನ್ ಹೋಲಿಸುವಾಗ ಎರಡಕ್ಕೂ ಮೆಶ್ ಒಂದೇ ರೀತಿ ಇರಬೇಕು.

ಬೌಂಡರಿ ಕಂಡಿಷನ್ (ಮಾಡೆಲ್‌ನ ಅಂಚುಗಳಲ್ಲಿ ಕೊಡುವ ಸ್ಥಿತಿ): ಮೂರು ಕಡೆ ಎಡವುತ್ತಾರೆ

ಇನ್‌ಲೆಟ್‌ನಲ್ಲಿ ಟೋಟಲ್ ಪ್ರೆಶರ್, ಟೋಟಲ್ ಟೆಂಪರೇಚರ್ (ಗಾಳಿಯ ವೇಗದ ಪಾಲೂ ಸೇರಿದ ಒತ್ತಡ, ಉಷ್ಣತೆ) ಕೊಡಿ. ನಮ್ಮ ಲೆಕ್ಕಕ್ಕೆ 91,000 ಪ್ಯಾಸ್ಕಲ್, 303 ಕೆಲ್ವಿನ್. ಸಾಫ್ಟ್‌ವೇರ್‌ನಲ್ಲಿ ತಾನಾಗಿ ಕೂತಿರುವ 1,01,325 ಅನ್ನೇ ಬಿಟ್ಟರೆ ಅದು ಮಂಗಳೂರಿನ ಮೆಷಿನ್ ಆಗುತ್ತದೆ, ಬೆಂಗಳೂರಿನದ್ದಲ್ಲ. ಇದು ಮಾತಿಗೆ ಹೇಳಿದ್ದಲ್ಲ. ಇದೇ ಕಂಪ್ರೆಸರ್ ಇದೇ ಆರ್‌ಪಿಎಂ, ಇದೇ ಉಷ್ಣತೆಯಲ್ಲಿ ಮಂಗಳೂರಿನಲ್ಲಿ ಓಡಿದರೆ ಸೆಕೆಂಡಿಗೆ 1 ಕೆಜಿ ಬದಲು 1.11 ಕೆಜಿ ಗಾಳಿ ನುಂಗುತ್ತದೆ. ಪವರ್ ಕೂಡ 112ರಿಂದ 125 ಕಿಲೋವ್ಯಾಟ್‌ಗೆ ಏರುತ್ತದೆ. ಬೆಂಗಳೂರಿನ ಟೆಸ್ಟ್ ನೋಡಿ ಮೋಟರ್ ಆರಿಸಿದವರು ಕರಾವಳಿಗೆ ಮೆಷಿನ್ ಕಳಿಸುವ ಮೊದಲು ಈ ಲೆಕ್ಕ ಮಾಡಲೇಬೇಕು.

ಎರಡನೆಯದು ಶ್ರೌಡ್ ಗೋಡೆ. ಇಂಪೆಲ್ಲರ್ ಭಾಗವನ್ನು ತಿರುಗುವ ಡೊಮೇನ್ ಅಂತ ಹೇಳಿದ ಕೂಡಲೇ ಒಳಗಿನ ಎಲ್ಲ ಗೋಡೆಗಳೂ ಜೊತೆಗೇ ತಿರುಗುತ್ತವೆ ಅಂತ ಸಾಫ್ಟ್‌ವೇರ್ ತಿಳಿಯುತ್ತದೆ. ಓಪನ್ ಇಂಪೆಲ್ಲರ್‌ನ ಶ್ರೌಡ್ ಅಂದರೆ ಕೇಸಿಂಗ್, ಅದು ನಿಂತಿದೆ. ಅದನ್ನು ಕೌಂಟರ್-ರೊಟೇಟಿಂಗ್ ವಾಲ್ ಅಂತ ಬೇರೆ ಗುರುತಿಸಬೇಕು. ಮರೆತರೆ ಸಂದಿನೊಳಗಿನ ಹರಿವು ಪೂರ್ತಿ ಸುಳ್ಳಾಗುತ್ತದೆ, ಎಫಿಶಿಯೆನ್ಸಿ ಮಾತ್ರ ನಂಬುವ ಹಾಗೇ ಕಾಣುತ್ತದೆ. ಇಂಪೆಲ್ಲರ್ ಮುಗಿದ ಮೇಲಿನ ಡಿಫ್ಯೂಸರ್ ಗೋಡೆಗಳಿಗೂ ಇದೇ ಮಾತು. ಬೇರೆಯವರ ಫೈಲ್ ನನ್ನ ಕೈಗೆ ಬಂದರೆ ನಾನು ಮೊದಲು ತೆರೆದು ನೋಡುವುದು ಈ ಸೆಟ್ಟಿಂಗನ್ನೇ.

ಮೂರನೆಯದು ಔಟ್‌ಲೆಟ್. ಒಂದೇ ಆರ್‌ಪಿಎಂನಲ್ಲಿ ಹರಿವು ಬದಲಾಯಿಸುತ್ತಾ ಹೋದರೆ ಸಿಗುವ ಗೆರೆಯನ್ನು ಸ್ಪೀಡ್‌ಲೈನ್ ಅನ್ನುತ್ತೇವೆ. ಚೋಕ್ ಹತ್ತಿರ ಆ ಗೆರೆ ನೆಟ್ಟಗೆ ಕೆಳಗೆ ಬೀಳುತ್ತದೆ. ಅಲ್ಲಿ ಒಂದೇ ಹರಿವಿಗೆ ಎಷ್ಟೋ ಒತ್ತಡಗಳು ಹೊಂದುತ್ತವೆ, ಹಾಗಾಗಿ ಔಟ್‌ಲೆಟ್‌ನಲ್ಲಿ ಸ್ಟ್ಯಾಟಿಕ್ ಪ್ರೆಶರ್ ಕೊಡಿ. ಹರಿವು ತೀರಾ ಇಳಿದು ಗಾಳಿ ಹಿಂದಕ್ಕೆ ನುಗ್ಗುವ ಸ್ಥಿತಿಗೆ ಸರ್ಜ್ ಅನ್ನುತ್ತೇವೆ. ಅದರ ಹತ್ತಿರ ಅದೇ ಗೆರೆ ಚಪ್ಪಟೆ ಆಗುತ್ತದೆ. ಅಲ್ಲಿ ಒತ್ತಡ ಕೊಟ್ಟರೆ ಸಾಲ್ವರ್‌ಗೆ ಯಾವ ಹರಿವಿನಲ್ಲಿ ನಿಲ್ಲಬೇಕು ಗೊತ್ತಾಗದೆ ಜಾರುತ್ತದೆ, ಆಗ ಹರಿವನ್ನೇ ಕೊಡಿ. ಎಲ್ಲ ಪಾಯಿಂಟ್‌ಗೂ ಒಂದೇ ತರಹದ ಔಟ್‌ಲೆಟ್ ಹಾಕಿ, ಆಮೇಲೆ ಕನ್ವರ್ಜ್ ಆಗ್ತಿಲ್ಲ (ಲೆಕ್ಕ ಒಂದು ಉತ್ತರಕ್ಕೆ ನಿಲ್ಲುತ್ತಿಲ್ಲ) ಅಂತ ಕೂರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಓಡಿಸುವುದು

ಮೊದಲೇ 39,000 ಆರ್‌ಪಿಎಂ ಹಾಕಬೇಡಿ. 20,000ದಲ್ಲಿ, ಔಟ್‌ಲೆಟ್ ಒತ್ತಡ ಕಡಿಮೆ ಇಟ್ಟು ಶುರು ಮಾಡಿ. ಹರಿವು ಕೂತ ಮೇಲೆ ವೇಗ ಏರಿಸಿ, ಆಮೇಲೆ ಒತ್ತಡ ಏರಿಸಿ. ಪ್ರತಿ ಹೊಸ ಪಾಯಿಂಟನ್ನೂ ಹಿಂದಿನ ಪಾಯಿಂಟ್‌ನ ಉತ್ತರದಿಂದ ಶುರು ಮಾಡಿ. ಸಾಫ್ಟ್‌ವೇರ್ ಟೈಮ್‌ಸ್ಕೇಲ್ (ಲೆಕ್ಕದ ಒಂದು ಹೆಜ್ಜೆಯ ಕಾಲ) ಕೇಳಿದರೆ ಕೋನೀಯ ವೇಗದ ವಿಲೋಮ ಕೊಡಿ. ನಮ್ಮ ಚಕ್ರಕ್ಕೆ ಅದು 0.00024 ಸೆಕೆಂಡ್. ತೊಂದರೆ ಕೊಟ್ಟರೆ ಅದರ ಹತ್ತನೇ ಒಂದು ಭಾಗಕ್ಕೆ ಇಳಿಸಿ.

ರೆಸಿಡ್ಯುಯಲ್ (ಸಮೀಕರಣಗಳಲ್ಲಿ ಇನ್ನೂ ಉಳಿದ ತಪ್ಪು) ಇಳಿದರೆ ಮುಗಿಯಿತು ಅಂತ ಅಂದುಕೊಳ್ಳಬೇಡಿ. ನಾನು ನೋಡುವುದು ಮೂರನ್ನು. ಒಳಗೆ ಹೋದ ಗಾಳಿ, ಹೊರಗೆ ಬಂದ ಗಾಳಿ ಸಾವಿರದಲ್ಲಿ ಒಂದು ಭಾಗದೊಳಗೆ ಹೊಂದಬೇಕು. ಎಫಿಶಿಯೆನ್ಸಿಯ ಗೆರೆ ನೂರಾರು ಇಟರೇಶನ್ ಅಲ್ಲಾಡದೆ ನಿಂತಿರಬೇಕು. ಮೂರನೆಯದು ನನಗೆ ತುಂಬಾ ಮುಖ್ಯ: ಟಾರ್ಕ್‌ನಿಂದ ಬಂದ ಪವರ್, ಉಷ್ಣತೆಯಿಂದ ಬಂದ ಪವರ್ ಎರಡೂ ಒಂದೇ ಇರಬೇಕು. ಕೈಲೆಕ್ಕದ 112 ಕಿಲೋವ್ಯಾಟನ್ನು ಕೋನೀಯ ವೇಗ 4,084ರಿಂದ ಭಾಗಿಸಿದರೆ ಟಾರ್ಕ್ 27.4 ನ್ಯೂಟನ್-ಮೀಟರ್. ಸಾಫ್ಟ್‌ವೇರ್ ತೋರಿಸುವುದು ಒಂದು ತುಂಡಿನ ಟಾರ್ಕ್, 3.4. ಅದನ್ನು 8ರಿಂದ ಗುಣಿಸಬೇಕು. ತಿರುಗುವ ಹಬ್‌ನ ಟಾರ್ಕನ್ನೂ ಸೇರಿಸಿ. ಎರಡೂ ಪವರ್ ಅರ್ಧ ಪರ್ಸೆಂಟ್‌ನೊಳಗೆ ಹೊಂದದಿದ್ದರೆ ನಾನು ಆ ಉತ್ತರವನ್ನು ಯಾರಿಗೂ ತೋರಿಸುವುದಿಲ್ಲ.

ಸಾಫ್ಟ್‌ವೇರ್ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಅನ್ಸಿಸ್ ಸಿಎಫ್‌ಎಕ್ಸ್, ಫೈನ್ ಟರ್ಬೊ, ಸ್ಟಾರ್-ಸಿಸಿಎಂ ಪ್ಲಸ್ ಎಲ್ಲವೂ ಈ ಕೆಲಸ ಮಾಡುತ್ತವೆ. ಲೈಸೆನ್ಸ್‌ಗೆ ದುಡ್ಡಿಲ್ಲ ಅಂದರೆ ಓಪನ್‌ಫೋಮ್ ಇದೆ, ಎಸ್‌ಯು2 ಇದೆ, ಚಿತ್ರ ನೋಡಲು ಪ್ಯಾರಾವ್ಯೂ ಇದೆ. ಉಚಿತವಾದದ್ದರಲ್ಲಿ ಮೆಶ್ ಮಾಡುವ ಕಷ್ಟ ಜಾಸ್ತಿ. ಕಲಿಯುವವರಿಗೆ ಆ ಕಷ್ಟ ಒಳ್ಳೆಯದೇ.

ನಿಮ್ಮ ಸೆಟಪ್ ಸರಿ ಇದೆಯಾ ನೋಡಲು ಮೊದಲು ಅಳತೆ ಇರುವ ಹಳೆಯ ಇಂಪೆಲ್ಲರ್ ಒಂದನ್ನು ಓಡಿಸಿ. ಸೆಂಟ್ರಿಫ್ಯೂಗಲ್‌ನವರಿಗೆ ಎಕಾರ್ಟ್ ಇಂಪೆಲ್ಲರ್ ಇದೆ. 1970ರ ದಶಕದಲ್ಲಿ ಜರ್ಮನಿಯಲ್ಲಿ ಅಳೆದದ್ದು. 400 ಮಿ.ಮೀ. ವ್ಯಾಸ, 20 ಬ್ಲೇಡ್, 14,000 ಆರ್‌ಪಿಎಂ. ತಿರುಗುವ ಬ್ಲೇಡ್‌ಗಳ ನಡುವೆ ಲೇಸರ್ ಬಿಟ್ಟು ಗಾಳಿಯ ವೇಗ ಅಳೆದರು. ಹೊರಬಾಯಿಯ ಹತ್ತಿರ ಬ್ಲೇಡ್‌ನ ಸಕ್ಷನ್ ಬದಿ, ಶ್ರೌಡ್ ಮೂಲೆಯಲ್ಲಿ ಸೋತ ಗಾಳಿ ಗುಡ್ಡೆಯಾಗಿ, ಉಳಿದದ್ದು ಜೋರಾಗಿ ಹರಿಯುವುದು ಅದರಲ್ಲಿ ಸ್ಪಷ್ಟವಾಗಿ ಕಂಡಿತು. ಜೆಟ್-ವೇಕ್ ಅಂತ ಎಲ್ಲರೂ ಹೇಳುವುದು ಇದನ್ನೇ.

ಉತ್ತರ ಓದುವುದು

ಪ್ರೆಶರ್ ಬಣ್ಣದ ಚಿತ್ರ ಎಲ್ಲರಿಗೂ ಇಷ್ಟ. ಡಿಸೈನರ್‌ಗೆ ಅದರಿಂದ ಸಿಗುವುದು ಕಡಿಮೆ. ಎಂಟ್ರೊಪಿ, ಅಂದರೆ ವಾಪಸ್ ಬಾರದ ನಷ್ಟದ ಅಳತೆ, ನೋಡಿ. ನಷ್ಟ ಎಲ್ಲಿ ಹುಟ್ಟುತ್ತಿದೆ ಅಂತ ಅದು ಬೆರಳಿಟ್ಟು ತೋರಿಸುತ್ತದೆ. ಇಂಪೆಲ್ಲರ್ ಉದ್ದಕ್ಕೆ ಐದಾರು ಕಡೆ ಅಡ್ಡ ಕತ್ತರಿಸಿ ಎಂಟ್ರೊಪಿ ಚಿತ್ರ ಇಡಿ. ಮೊದಲ ಕತ್ತರಿಯಲ್ಲಿ ಗೋಡೆ ಪಕ್ಕ ತೆಳ್ಳನೆ ಪಟ್ಟಿ. ಎರಡು, ಮೂರನೆಯದರಲ್ಲಿ ಸಂದಿನಿಂದ ಸೋರಿದ ಗಾಳಿ ಸುರುಳಿಯಾಗಿ ಪಕ್ಕದ ದಾರಿಗೆ ನುಗ್ಗುತ್ತದೆ. ಕೊನೆಯದರಲ್ಲಿ ಶ್ರೌಡ್ ಹತ್ತಿರ ದೊಡ್ಡ ಗುಡ್ಡೆ. ಆ ಗುಡ್ಡೆ ಎಲ್ಲಿಂದ ಬೆಳೆಯಲು ಶುರುವಾಯಿತೋ ಅಲ್ಲಿ ಬ್ಲೇಡ್ ಕೋನ ಬದಲಾಯಿಸಬೇಕು. ಸ್ಪ್ಲಿಟರ್‌ನ ಎರಡು ಪಕ್ಕಕ್ಕೂ ಎಷ್ಟೆಷ್ಟು ಗಾಳಿ ಹೋಗುತ್ತಿದೆ ಅಂತಲೂ ಅಳೆಯಿರಿ. ಒಂದು ಕಡೆ 55, ಇನ್ನೊಂದು ಕಡೆ 45 ಅಂತ ಬಂದರೆ ಸ್ಪ್ಲಿಟರ್‌ನ ಮುಂದಂಚನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ನೋಡಿ.

ಎಫಿಶಿಯೆನ್ಸಿ ಲೆಕ್ಕದಲ್ಲಿ ಸರಾಸರಿ ಹೇಗೆ ತೆಗೆದಿರಿ ಅನ್ನೋದು ಮುಖ್ಯ. ಟೋಟಲ್ ಟೆಂಪರೇಚರನ್ನು ಹರಿವಿನ ತೂಕದ ಮೇಲೆ ಸರಾಸರಿ ಮಾಡಬೇಕು, ಕ್ಷೇತ್ರಫಲದ ಮೇಲೆ ಅಲ್ಲ. 112 ಡಿಗ್ರಿ ಏರಿಕೆಯಲ್ಲಿ ಬರೀ 1 ಡಿಗ್ರಿ ತಪ್ಪಿದರೂ ಎಫಿಶಿಯೆನ್ಸಿ 0.7 ಪಾಯಿಂಟ್ ಅತ್ತಿತ್ತ ಆಗುತ್ತದೆ. ಎಲ್ಲಿ ಅಳೆದಿರಿ, ಇಂಪೆಲ್ಲರ್ ಬಾಯಲ್ಲೋ ಡಿಫ್ಯೂಸರ್ ಕೊನೆಯಲ್ಲೋ, ಅದನ್ನೂ ನಂಬರ್ ಪಕ್ಕ ಬರೆಯಿರಿ.

ಸರ್ಜ್ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ. ಒಂದು ತುಂಡಿನ ಸ್ಟೆಡಿ ಲೆಕ್ಕ (ಹರಿವು ಕಾಲಕ್ಕೆ ಬದಲಾಗುವುದಿಲ್ಲ ಅಂದುಕೊಂಡ ಲೆಕ್ಕ) ಸರ್ಜ್ ಎಲ್ಲಿದೆ ಅಂತ ಹೇಳಲಾರದು. ಹರಿವು ಇಳಿಸುತ್ತಾ ಹೋದಾಗ ಒಂದು ಕಡೆ ಲೆಕ್ಕ ಕುಣಿಯಲು ಶುರು ಮಾಡುತ್ತದೆ. ಅದು ಮೆಶ್‌ನಿಂದಲೂ ಆಗಬಹುದು, ಸೆಟ್ಟಿಂಗ್‌ನಿಂದಲೂ ಆಗಬಹುದು, ನಿಜವಾಗಿ ಸ್ಟಾಲ್ (ಹರಿವು ಬ್ಲೇಡ್ ಬಿಟ್ಟು ಹೋಗುವುದು) ಶುರುವಾದದ್ದರಿಂದಲೂ ಆಗಬಹುದು. ಸರ್ಜ್ ಅನ್ನೋದು ಕಂಪ್ರೆಸರ್ ಒಂದರದ್ದೇ ಗುಣವೂ ಅಲ್ಲ. ಗಾಳಿ ಹೊರಬಂದ ಮೇಲೆ ಹೋಗುವ ಪೈಪು, ರಿಸೀವರ್ ಟ್ಯಾಂಕಿನ ಗಾತ್ರವೂ ಅದರಲ್ಲಿ ಸೇರಿದೆ. ಕುಣಿತ ಶುರುವಾದ ಪಾಯಿಂಟನ್ನು "ಇಲ್ಲಿಂದ ಎಡಕ್ಕೆ ನಂಬಿಕೆ ಇಲ್ಲ" ಅಂತ ಗುರುತು ಮಾಡಿ. ಸರ್ಜ್ ತಪ್ಪಿಸಲು ಗಾಳಿ ಹೊರಬಿಡುವ ಬ್ಲೋ-ಆಫ್ ವಾಲ್ವ್‌ನ ಸೆಟ್ಟಿಂಗನ್ನು ಟೆಸ್ಟ್ ಬೆಡ್‌ನಲ್ಲೇ ನಿರ್ಧರಿಸಿ. ಸರ್ಜ್‌ಗೆ ಸಿಕ್ಕ ಥ್ರಸ್ಟ್ ಬೇರಿಂಗ್ ಬಿಚ್ಚಿ ನೋಡಿದವರು ಯಾರೂ ಈ ವಿಷಯದಲ್ಲಿ ಊಹೆ ಮಾಡುವುದಿಲ್ಲ.

ವೋಲ್ಯೂಟ್ ಸೇರಿಸುವುದಾದರೆ ಒಂದು ತುಂಡು ಸಾಲದು. ವೋಲ್ಯೂಟ್‌ನ ನಾಲಿಗೆಯ ಹತ್ತಿರ ಒತ್ತಡ ಏರುಪೇರಾಗಿ ಅದು ಇಂಪೆಲ್ಲರ್‌ವರೆಗೆ ಹಿಂದಕ್ಕೆ ಬರುತ್ತದೆ. ಪೂರ್ತಿ ಚಕ್ರ ಇಟ್ಟು ಫ್ರೋಜನ್ ರೋಟರ್ ಲೆಕ್ಕ (ಚಕ್ರವನ್ನು ವೋಲ್ಯೂಟ್ ಎದುರು ಒಂದೇ ಸ್ಥಾನದಲ್ಲಿ ಇಟ್ಟು ಮಾಡುವ ಲೆಕ್ಕ) ಮಾಡಿ. ಸುತ್ತಲೂ ಸರಾಸರಿ ಮಾಡುವ ಮಿಕ್ಸಿಂಗ್ ಪ್ಲೇನ್ ಇಲ್ಲಿ ಆ ಏರುಪೇರನ್ನೇ ಅಳಿಸಿಹಾಕುತ್ತದೆ.

ಸ್ಕ್ರೂ, ಪಿಸ್ಟನ್

ಸ್ಕ್ರೂ ಕಂಪ್ರೆಸರ್‌ನಲ್ಲಿ ಕೆಲಸದ ಜಾಗ ಕ್ಷಣಕ್ಷಣಕ್ಕೂ ಚಿಕ್ಕದಾಗುತ್ತದೆ, ಹಾಗಾಗಿ ಮೆಶ್ ಕೂಡ ಪ್ರತಿ ಹೆಜ್ಜೆಗೂ ಬದಲಾಗಬೇಕು. ರೋಟರ್‌ಗಳ ನಡುವಿನ ಸಂದು ಹತ್ತಾರು ಮೈಕ್ರಾನ್. ಅದಕ್ಕೆಂದೇ ರೋಟರ್ ಮೆಶ್ ಮಾಡಿಕೊಡುವ ಬೇರೆ ಸಾಧನಗಳಿವೆ, ಲಂಡನ್ನಿನ ಸಿಟಿ ಯೂನಿವರ್ಸಿಟಿಯಿಂದ ಬಂದ ಸ್ಕಾರ್ಗ್ ಅಂಥದ್ದು. ಒಳಗೆ ಎಣ್ಣೆ ಚಿಮ್ಮುವ ಮೆಷಿನ್ ಆದರೆ ಎಣ್ಣೆ-ಗಾಳಿ ಎರಡನ್ನೂ ಲೆಕ್ಕ ಹಾಕಬೇಕು, ಕೆಲಸ ಬಹಳ ಭಾರವಾಗುತ್ತದೆ. ಪಿಸ್ಟನ್ ಕಂಪ್ರೆಸರ್‌ನಲ್ಲಿ ಇಡೀ ಸಿಲಿಂಡರ್‌ಗೆ ಸಿಎಫ್‌ಡಿ ಮಾಡುವ ಬದಲು ವಾಲ್ವ್‌ಗೆ ಮಾಡಿ. ವಾಲ್ವ್‌ನ ರೀಡ್ (ತೆಳು ಉಕ್ಕಿನ ಪಟ್ಟಿ) ಎಷ್ಟು ಎದ್ದರೆ ಎಷ್ಟು ಗಾಳಿ ಹೋಗುತ್ತದೆ ಅಂತ ಒಂದು ಪಟ್ಟಿ ತಯಾರಿಸಿ, ಅದನ್ನು ಸಾಮಾನ್ಯ ಒಂದು ಆಯಾಮದ ಲೆಕ್ಕಕ್ಕೆ ಹಾಕಿದರೆ ಬಹುಪಾಲು ಪ್ರಶ್ನೆಗೆ ಉತ್ತರ ಸಿಗುತ್ತದೆ.

ಟೆಸ್ಟ್ ಆದ ಮೇಲೆ

ಮೆಷಿನ್ ತಯಾರಾಗಿ ಟೆಸ್ಟ್ ಬೆಡ್ ಏರಿದ ಮೇಲೆ ಸಿಎಫ್‌ಡಿ ಕೆಲಸ ಮುಗಿಯಿತು ಅಂತ ಬಹಳ ಜನ ಫೈಲ್ ಮುಚ್ಚುತ್ತಾರೆ. ನನಗೆ ಅಲ್ಲಿಂದಲೇ ಒಳ್ಳೆಯ ಭಾಗ ಶುರು. ಟರ್ಬೊ ಕಂಪ್ರೆಸರ್‌ಗೆ ಐಎಸ್‌ಒ 5389 ಅಥವಾ ಎಎಸ್‌ಎಂಇ ಪಿಟಿಸಿ 10, ಸ್ಕ್ರೂ-ಪಿಸ್ಟನ್‌ಗೆ ಐಎಸ್‌ಒ 1217 ಪ್ರಕಾರ ಟೆಸ್ಟ್ ಮಾಡಿಸಿ. ಆ ದಿನದ ಗಾಳಿಯ ಒತ್ತಡ, ಉಷ್ಣತೆ ಬರೆದುಕೊಳ್ಳಿ. ಅಳೆದ ಹರಿವು, ಆರ್‌ಪಿಎಂ ಎರಡನ್ನೂ ಸಿಎಫ್‌ಡಿಗೆ ಕೊಟ್ಟ ಒತ್ತಡ, ಉಷ್ಣತೆಗೆ ತಿದ್ದಿದ ಮೇಲೆಯೇ ಸಿಎಫ್‌ಡಿ ಗೆರೆಯ ಪಕ್ಕ ಇಡಿ.

ಎರಡು ಗೆರೆ ಹೊಂದದಿದ್ದಾಗ ಟರ್ಬುಲೆನ್ಸ್ ಮಾಡೆಲ್ ಬದಲಾಯಿಸಲು ಓಡಬೇಡಿ. ಮೆಷಿನ್ ಬಿಚ್ಚಿ ಅಳೆಯಿರಿ. ಶ್ರೌಡ್ ಮೇಲೆ ಉಜ್ಜಿದ ಗುರುತು ಇದೆಯಾ, ಎಲ್ಲಿದೆ? ಬ್ಲೇಡ್ ಕೋನ ಡ್ರಾಯಿಂಗ್‌ನಲ್ಲಿದ್ದಷ್ಟೇ ಇದೆಯಾ? ಹಿಂಬದಿಯ ಲ್ಯಾಬಿರಿಂತ್ ಸೀಲ್‌ನಿಂದ ಎಷ್ಟು ಗಾಳಿ ಸೋರುತ್ತಿದೆ? ಡಿಫ್ಯೂಸರ್ ಅಗಲ ಸುತ್ತಲೂ ಒಂದೇ ಇದೆಯಾ? ಈ ಅಳತೆಗಳನ್ನು ಮಾಡೆಲ್‌ಗೆ ಹಾಕಿ ಮತ್ತೆ ಓಡಿಸಿ. ಸಿಎಫ್‌ಡಿಯ ಎಫಿಶಿಯೆನ್ಸಿ ಇನ್ನೂ ಟೆಸ್ಟ್‌ಗಿಂತ ಒಂದೂವರೆ ಪಾಯಿಂಟ್ ಮೇಲೆಯೇ ಉಳಿದರೆ ಆ ನಂಬರನ್ನು ಆ ಇಂಪೆಲ್ಲರ್ ಹೆಸರು, ಮೆಶ್ ವಿವರ, ಮಾಡೆಲ್ ಹೆಸರಿನ ಜೊತೆ ಒಂದು ಶೀಟ್‌ನಲ್ಲಿ ಬರೆದಿಡಿ. ಇದೇ ಮನೆತನದ ಮುಂದಿನ ಇಂಪೆಲ್ಲರ್‌ಗೆ ಗಿರಾಕಿ ಗ್ಯಾರಂಟಿ ಕೇಳಿದಾಗ, ಅದೇ ತರಹದ ಮೆಶ್‌ನಲ್ಲಿ ಓಡಿಸಿ, ಬಂದ ಉತ್ತರದಿಂದ ಆ ಒಂದೂವರೆ ಪಾಯಿಂಟ್ ಕಳೆದು ಕೊಡಿ.